ಆರು ಹೆಜ್ಜೆ ಉದ್ದದ ಗೋಡೆ

ಎಲೆಗಳೆಲ್ಲ ಬೋರಲು ಬಿದ್ದಿವೆ, ಒಂದೂ ಮುಖ ತೋರಿಸುತ್ತಿಲ್ಲ, ದಾರಿಯ ತುಂಬ ಮಾಸಲು ಬಿಳುಪು, ಯಾರೋ ಅಕ್ಕಿ ತೊಳೆದ ನೀರು ಚೆಲ್ಲುತ್ತ ಬೆಟ್ಟ ಹತ್ತಿದ ಹಾಗೆ — ಎರಡು ದಿನ ಬೀಸಿದ ಚಂಡಮಾರುತ ಇಷ್ಟು ದೊಡ್ಡ ಕಾಡಿನ ಒಂದೊಂದೇ ಎಲೆ ಹಿಡಿದು ಮಗುಚಿ ನೋಡಿ ಬಿಸಾಕಿದೆಯಲ್ಲ, ಅದಕ್ಕೆಷ್ಟು ಪುರುಸೊತ್ತು, ಕಾಲಿಟ್ಟರೆ ಜಾರುತ್ತದೆ, ಕಾಲೆತ್ತಿದರೆ ಕರ್ಪೂರದ ಮರದ ವಾಸನೆ ಮೂಗಿಗೆ ಬಡಿಯುತ್ತದೆ, ಎಲ್ಲೋ ದೊಡ್ಡ ಮರವೇ ಮುರಿದಿರಬೇಕು, ಎಲ್ಲಿ ಬಿದ್ದಿದೆಯೋ, ಯಾವುದರ ಮೇಲೆ ಬಿದ್ದಿದೆಯೋ, ಅದನ್ನು ಯೋಚಿಸಬೇಡ, ಹತ್ತು. ಬಲಗಾಲಿನ ಬೂಟಿನೊಳಗೆ ನೀರು ನುಗ್ಗಿ ಹೆಜ್ಜೆಗೊಮ್ಮೆ ಪಚಕ್ ಅನ್ನುತ್ತಿದೆ. ಹಿಂದಿನಿಂದ ಫಾನ್ ಮೇಸ್ತ್ರಿಯ ಮಚ್ಚಿನ ಸದ್ದು, ಅಡ್ಡ ಬಿದ್ದ ಕೊಂಬೆ ಕಡಿಯುತ್ತ ಬರುತ್ತಿದ್ದಾರೆ, ಎಪ್ಪತ್ನಾಲ್ಕು ವರ್ಷ, ಎಡ ಮಂಡಿಗೆ ಪಟ್ಟಿ, ಹೆಗಲ ಮೇಲೆ ಹಾರೆ, ಆದರೂ ಕಡಿದ ಕೊಂಬೆಯನ್ನು ಕಾಲಲ್ಲಿ ಒದೆಯುವುದಿಲ್ಲ, ಬಗ್ಗಿ ಎತ್ತಿ ಪಕ್ಕಕ್ಕೆ ಇಡುತ್ತಾರೆ, ಏ ಗೈಡಮ್ಮಾ, ನಿಧಾನ, ಗೋಡೆ ಏನು ಟೂರಿಸ್ಟ್ ಬಸ್ಸಾ, ನಿನ್ನ ಬಿಟ್ಟು ಹೊರಟುಹೋಗಕ್ಕೆ, ಹೋಗೋದಿದ್ರೆ ನಿನ್ನೆನೇ ಹೋಗಿರತ್ತೆ — ಹೀಗೆ ಹೇಳಿ ತಾವೇ ನಗುತ್ತಾರೆ, ನಕ್ಕಾಗ ಅಡಿಕೆ ಜಗಿದು ಕೆಂಪಾದ ಹಲ್ಲು ನನಗೆ ತಿರುಗದೆಯೇ ಕಾಣುತ್ತದೆ.

ಹೋಗಿರಬಹುದು. ನಿನ್ನೆಯೇ ಹೋಗಿರಬಹುದು. ಇನ್ನು ನಾಲ್ಕು ತಿರುವು, ನಾಲ್ಕನೆಯದರಲ್ಲಿ ನನ್ನ ಗೋಡೆ, ಆರು ಹೆಜ್ಜೆ ಉದ್ದ, ಎದೆಯಷ್ಟು ಎತ್ತರ, ದಾರಿಯ ಮೇಲೆ ಬೆಟ್ಟ ಜರಿಯದ ಹಾಗೆ ತಡೆದು ನಿಲ್ಲಬೇಕಾದ ಗೋಡೆ, ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೆ, ಪ್ರತಿ ಕಲ್ಲಿನ ಜಾಗವನ್ನೂ ನಾನೊಬ್ಬಳೇ ಗೊತ್ತುಮಾಡಿ ಕಟ್ಟಿದ ಮೊದಲ ಗೋಡೆ, ಐವತ್ತೊಂದನೆಯ ವಯಸ್ಸಿಗೆ. ಬಿದ್ದಿದ್ದರೆ ಮತ್ತೆ ಗೈಡಿನ ಬಾವುಟ ಹಿಡಿಯುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೇನೆ, ಅಮ್ಮನ ಎದುರು, ಅನ್ನದ ಬಟ್ಟಲು ಕೈಯಲ್ಲಿಟ್ಟುಕೊಂಡು, ಹಾಗೆ ಹೇಳಬಾರದಿತ್ತು, ಹೇಳಿಯಾಯಿತು. ತೈಪೆಯ ಟೂರ್ ಆಫೀಸಿನಿಂದ ಚುವಾಂಗ್ ಮ್ಯಾನೇಜರ್ ಮೊನ್ನೆ ಫೋನ್ ಮಾಡಿದ್ದಳು, ನನಗಿಂತ ಹದಿನೈದು ವರ್ಷ ಚಿಕ್ಕವಳು, ಸಕ್ಕರೆಯಂಥ ದನಿ, ಲಿಯೆನ್ ಅಕ್ಕ, ಇನ್ನೆಷ್ಟು ಸೀಸನ್ ಕಾಯೋದು ಹೇಳಿ, ವಸಂತದ ಮೂರು ಗುಂಪು ರೆಡಿ ಇದೆ, ಜನ ನಿಮ್ಮ ಹೆಸರು ಹೇಳಿ ಕೇಳ್ತಾರೆ, ಶುಕ್ರವಾರ ಹನ್ನೆರಡು ಗಂಟೆವರೆಗೆ ಕಾಯ್ತೀನಿ, ಆಮೇಲೆ ಆ ಜಾಗ ಬೇರೆಯವರಿಗೆ ಹೋಗತ್ತೆ, ಬೇಜಾರು ಮಾಡ್ಕೋಬೇಡಿ. ಇವತ್ತು ಶುಕ್ರವಾರ. ಹತ್ತೂಕಾಲು. ಜೇಬಿನಲ್ಲಿ ಫೋನು ತೊಡೆಗೆ ಒತ್ತುತ್ತಿದೆ, ಸುಮ್ಮನಿರುವ ಕಪ್ಪೆಯ ಹಾಗೆ.

ಬೆಳಿಗ್ಗೆ ಅಮ್ಮ ಅನ್ನದ ಉಂಡೆಯೊಳಗೆ ಒಣಮೂಲಂಗಿ ತುರುಕಿ ಬಾಳೆಲೆಯಲ್ಲಿ ಸುತ್ತುತ್ತ ನನ್ನ ಮುಖ ನೋಡಲಿಲ್ಲ, ಎಲೆಯನ್ನೇ ನೋಡುತ್ತ ಹೇಳಿದಳು, ಬಿದ್ದಿದ್ರೆ ಒಳ್ಳೇದೇ ಆಯ್ತು ಅನ್ಕೊಂಡು ಇಳಿದು ಬಾ, ಲಿಯೆನ್. ಇದೇ ದಾರಿಯಲ್ಲಿ ಅವಳು ಹನ್ನೆರಡನೆಯ ವಯಸ್ಸಿನಿಂದ ಚಹಾದೆಲೆಯ ಬುಟ್ಟಿ ಹೊತ್ತವಳು, ಬಿದಿರಿನ ಅಡ್ಡೆಯ ಎರಡು ತುದಿಗೆ ಎರಡು ಬುಟ್ಟಿ, ಬಲ ಹೆಗಲ ಮೇಲೆ ಮೊಟ್ಟೆಯಷ್ಟು ಗಂಟು ಈಗಲೂ ಇದೆ, ಸ್ನಾನ ಮಾಡಿಸುವಾಗ ನನ್ನ ಅಂಗೈ ಅದರ ಮೇಲೆ ಬಂದರೆ ಕೈ ತನ್ನಷ್ಟಕ್ಕೆ ನಿಧಾನವಾಗುತ್ತದೆ. ನಾವು ಹಕ್ಕಾ ಕುಲದ ಹೆಂಗಸರು ಹೊತ್ತಿದ್ದು ಸಾಕು ಅಂತ ನಿನ್ನ ಓದಿಸಿದೆ, ಇಂಗ್ಲಿಷ್ ಕಲಿಸಿದೆ, ನೀನು ನೋಡಿದ್ರೆ ದುಡ್ಡು ಕೊಡೋ ಕೆಲಸ ಬಿಟ್ಟು ಪುಕ್ಕಟೆ ಕಲ್ಲು ಹೊರ್ತೀಯ, ಪುಕ್ಕಟೆ ಅಲ್ಲಮ್ಮ ದಿನಗೂಲಿ ಕೊಡ್ತಾರೆ, ಹಾಂ ಕೊಡ್ತಾರೆ ಕೊಡ್ತಾರೆ, ಬೆನ್ನಿಗೆ ಹಚ್ಚೋ ಎಣ್ಣೆಗೂ ಸಾಲಲ್ಲ. ನನ್ನ ಹಳೆಯ ನಾಲ್ಕು ಪಾಸ್‌ಪೋರ್ಟ್ ಅವಳ ಹತ್ತಿರವೇ ಇವೆ, ಹೂವಿನ ಬಟ್ಟೆಯಲ್ಲಿ ಕಟ್ಟಿ ದೇವರ ಪೀಠದ ಕೆಳಗಿನ ಖಾನೆಯಲ್ಲಿಟ್ಟಿದ್ದಾಳೆ, ಪಕ್ಕದ ಮನೆಯವರು ಬಂದರೆ ಬಿಚ್ಚಿ ಠಸ್ಸೆಗಳನ್ನು ತೋರಿಸುತ್ತಾಳೆ, ಓದಲು ಬಾರದ ಅವಳಿಗೆ ಯಾವ ಠಸ್ಸೆ ಯಾವ ದೇಶದ್ದೆಂದು ಬಣ್ಣದಿಂದ ಗೊತ್ತು, ನನಗಿಂತ ಚೆನ್ನಾಗಿ ಗೊತ್ತು.

ನಲವತ್ತೊಂದು ದೇಶ. ಮೊದಲ ತಿರುವು ದಾಟಿತು. ನಲವತ್ತೊಂದು ದೇಶಗಳಿಗೂ ನಾನು ಬೆನ್ನು ತಿರುಗಿಸಿ ನಿಂತಿದ್ದೆ, ಅದು ಕೆಲಸದ ರೀತಿ, ಗೈಡ್ ಆದವಳು ಜನರ ಮುಖ ನೋಡುತ್ತ ನಿಲ್ಲಬೇಕು, ಅವಳ ಬೆನ್ನ ಹಿಂದೆ ಜಲಪಾತವಿರಲಿ, ಅರಮನೆಯಿರಲಿ, ಕೈಯಲ್ಲಿ ಹಳದಿ ಬಾವುಟ, ಬಾಯಲ್ಲಿ ಇಸವಿಗಳು, ಇಲ್ಲಿ ಹನ್ನೆರಡು ನಿಮಿಷ ಫೋಟೋ, ಎಂಟು ನಿಮಿಷ ಟಾಯ್ಲೆಟ್, ಬಸ್ಸಿನ ನಂಬರ್ ನೆನಪಿರಲಿ, ತಲೆ ಎಣಿಸು, ಇಪ್ಪತ್ತಾರು, ಮತ್ತೆ ಎಣಿಸು, ಇಪ್ಪತ್ತೈದು, ಓ ಅಲ್ಲಿದ್ದಾರೆ, ಇಪ್ಪತ್ತಾರು. ಆ ಹಿಮನದಿಯ ಮುಂದೆ ದೋಣಿ ನಿಂತಿದ್ದ ದಿನ, ದಕ್ಷಿಣದ ತುತ್ತತುದಿಯಲ್ಲಿ, ಜಗತ್ತು ಅಲ್ಲಿಗೆ ಮುಗಿಯುತ್ತದೆ ಎನ್ನುವಂಥ ಜಾಗದಲ್ಲಿ, ನಾನು ಹಿಮದ ಎತ್ತರ ಎಷ್ಟು ಮಹಡಿಯಷ್ಟು ಎಂದು ಹೇಳುತ್ತಿದ್ದೇನೆ, ಹಿಂದೆ ಗುಡುಗಿನಂಥ ಸದ್ದು, ಅಲ್ಲ, ಗುಡುಗು ಮೇಲಿನಿಂದ ಬರುತ್ತದೆ, ಇದು ಕಾಲ ಕೆಳಗಿನಿಂದ ಹೊಟ್ಟೆಗೆ ಬಂತು, ಇಪ್ಪತ್ತಾರು ಮುಖಗಳೂ ಒಂದೇ ಕ್ಷಣಕ್ಕೆ ತೆರೆದುಕೊಂಡವು, ಹುಬ್ಬು ಮೇಲೆ, ಬಾಯಿ ಮುಚ್ಚುವುದು ಮರೆತು, ಎಂಬತ್ತರ ಮುದುಕನ ಮುಖದಲ್ಲಿ ಮೂರು ವರ್ಷದ ಮಗು, ಏನೋ ದೊಡ್ಡದು ನೀರಿಗೆ ಬೀಳುತ್ತಿದೆ, ಅದರ ನೀಲಿ ಬೆಳಕು ಅವರ ಕೆನ್ನೆಯ ಮೇಲೆ ಹಾದುಹೋಯಿತು, ನಾನು ನೋಡಿದ್ದು ಆ ಕೆನ್ನೆಗಳನ್ನು. ಗುಂಪಿನಲ್ಲಿ ಟೂ ಎಂಬ ಹೆಸರಿನ ನಿವೃತ್ತ ಮೇಡಂ ಒಬ್ಬರಿದ್ದರು, ಟೂ ಟೀಚರ್ ಅನ್ನುತ್ತಿದ್ದೆವು, ಅವರು ಕೈ ಚಾಚಿದರು, ಕೊಡು ಮಗಳೇ ಆ ಬಾವುಟ ನಾನು ಹಿಡೀತೀನಿ, ನೀನೂ ಒಂದ್ಸಲ ತಿರುಗಿ ನೋಡು. ಬೇಡ ಮೇಡಂ, ನಾನು ಎಷ್ಟೋ ಸಲ ನೋಡಿದೀನಿ ಎಂದೆ. ಸುಳ್ಳು. ಆ ನಗುವಿನ ಜೊತೆ, ಕಂಪನಿ ಕಲಿಸಿದ ಎಂಟು ಹಲ್ಲು ಕಾಣುವ ನಗುವಿನ ಜೊತೆ. ಅವರು ಕೈ ಹಿಂದೆ ತೆಗೆದುಕೊಳ್ಳುತ್ತ ನನ್ನನ್ನು ನೋಡಿದ ರೀತಿ — ಬೈದಿದ್ದರೆ ಮರೆತುಬಿಡುತ್ತಿದ್ದೆ.

ಅಯ್ಯೋ ಇಲ್ಲಿ ಮಣ್ಣು ಜರಿದಿದೆ, ಒಂದು ಆಳು ಅಗಲಕ್ಕೆ, ಕೆಂಪು ಕೆಂಪು, ಗಾಯದ ಹಾಗೆ, ಮೇಸ್ತ್ರೀ, ಇಲ್ಲಿ ಹುಷಾರು, ಹಾರೆ ಊರಿ ಬನ್ನಿ. ಅವರು ಬಂದು ನಿಂತು ಆ ಗಾಯವನ್ನು ನೋಡಿ ನಾಲಿಗೆಯಲ್ಲಿ ಚ್‌ಚ್ ಅಂದು, ಇಲ್ಲಿ ನಮ್ಮ ಮೆಟ್ಟಿಲು ನಿಂತಿದೆ ನೋಡು, ಮಣ್ಣು ಅದರ ಮೇಲೆ ಹಾದು ಹೋಗಿದೆ, ಮೆಟ್ಟಿಲು ಅಲ್ಲಾಡಿಲ್ಲ, ಅನ್ನುತ್ತಾರೆ, ನಮ್ಮ ಅಂದರೆ ನಾವು ಕಟ್ಟಿದ್ದಲ್ಲ, ನೂರು ವರ್ಷಕ್ಕೂ ಹಿಂದಿನದು. ನನ್ನ ಎದೆಯೊಳಗೆ ಈ ಕೆಲಸ ಹೊಕ್ಕಿದ್ದು ಈ ಮೆಟ್ಟಿಲುಗಳಿಂದ. ಆ ರೋಗ ಬಂದು ಜಗತ್ತಿನ ಬಾಗಿಲುಗಳೆಲ್ಲ ಮುಚ್ಚಿದ ವರ್ಷ, ಮನೆಯಲ್ಲಿ ಕೂತು ಕೂತು ತಲೆ ಕೆಟ್ಟು ಬೆಟ್ಟ ಹತ್ತಿದವಳು, ಇಲ್ಲೇ, ಒಬ್ಬ ಮುದುಕ ಮೆಟ್ಟಿಲಿನ ಮೇಲೆ ನಿಂತು ಮಗುವಿನ ಹಾಗೆ ಹಿಂದೆ ಮುಂದೆ ತೂಗುತ್ತಿದ್ದುದನ್ನು ನೋಡಿದೆ, ಏನ್ ಮಾಡ್ತಿದೀರ ತಾತ, ಕೇಳಿಸ್ಕೊಳ್ತಾ ಇದೀನಿ, ಸುಮ್ನಿರು, ಕಲ್ಲು ಅಲ್ಲಾಡಿದ್ರೆ ಟಕ್ ಅನ್ನತ್ತೆ, ಇದು ಅನ್ನಲ್ಲ. ಆಮೇಲೆ, ನೀನು ಹತ್ತುವಾಗ ಸುಸ್ತಾಯ್ತಾ? ಇಲ್ಲ. ಯಾಕೆ ಆಗ್ಲಿಲ್ಲ ಯೋಚ್ನೆ ಮಾಡು, ಈ ಮೆಟ್ಟಿಲಿನ ಎತ್ತರ ಯಾರ ಕಾಲಿನ ಅಳತೆ ಅಂದ್ಕೊಂಡೆ, ಅಡ್ಡೆ ಹೊತ್ತವರದು, ಅಡ್ಡೆ ಹೊತ್ತವರು ಮಂಡಿ ಎತ್ತಿದ್ರೆ ಬುಟ್ಟಿ ತೂಗಾಡತ್ತೆ, ಬುಟ್ಟಿ ತೂಗಾಡಿದ್ರೆ ಆಳು ಉರುಳ್ತಾನೆ, ಅದಕ್ಕೆ ಗೇಣಿಗಿಂತ ಕಡಿಮೆ, ಪ್ರತಿ ಮೆಟ್ಟಿಲೂ, ಕೆಳಗಿನ ಹೊಳೆಯಿಂದ ಮೇಲಿನ ತೋಟದವರೆಗೆ. ನಾನು ಅಲ್ಲೇ ಕೂತುಬಿಟ್ಟೆ. ಮನುಷ್ಯರು ಕಟ್ಟಿದ ಎಂಥೆಂಥದ್ದನ್ನೋ ಜನರಿಗೆ ತೋರಿಸಿದವಳು, ಯಾವ ರಾಜ, ಎಷ್ಟು ಸಾವಿರ ಆಳು, ಎಲ್ಲ ಬಾಯಿಪಾಠ, ಆದರೆ ನನ್ನ ಅಮ್ಮನ ಮಂಡಿಯನ್ನು ಯೋಚಿಸಿ ಇಟ್ಟ ಕಲ್ಲಿನ ಮೇಲೆ ಹುಟ್ಟಿದಂದಿನಿಂದ ಓಡಾಡಿದ್ದೇನೆ, ಅದು ಗೊತ್ತಿಲ್ಲ. ಯಾರು ಇಟ್ಟರು? ಹೆಸರಿಲ್ಲ. ಸಾವಿರದ ನಾನೂರು ಮೆಟ್ಟಿಲು, ಒಂದರ ಮೇಲೂ ಹೆಸರಿಲ್ಲ. ಅಂಗೈಯನ್ನು ಕಲ್ಲಿನ ಮೇಲಿಟ್ಟರೆ ನಡುವೆ ಸವೆದು ತಗ್ಗಾಗಿದೆ, ಹಣೆ ನೇವರಿಸಿದ ಹಾಗಾಯಿತು, ಯಾರ ಹಣೆಯನ್ನು ಯಾರು ನೇವರಿಸಿದರೋ. ಮರುದಿನ ಬಂದು ಕೇಳಿದೆ, ನನಗೂ ಕಲಿಸ್ತೀರಾ. ಅವರು ನನ್ನ ಉಗುರು ನೋಡಿದರು, ಬಣ್ಣ ಹಚ್ಚಿದ್ದೆ, ಏನು ಕೆಲಸ ಅಂದರು, ಟೂರಿಸ್ಟ್ ಗೈಡ್ ಅಂದೆ, ಹೋಗು ಹೋಗು, ಬಾವುಟದ ಕೋಲಿಗಿಂತ ಭಾರದ್ದು ಏನಾದ್ರೂ ಎತ್ತಿದೀಯಾ ಗೈಡಮ್ಮ? ಆ ಹೆಸರು ಅಂದೇ ಅಂಟಿತು.

ಎರಡನೆಯ ತಿರುವು, ಮೂರನೆಯದು ಕಾಣುತ್ತಿದೆ, ಉಸಿರು ಸಾಲದು. ಮೂರು ತಿಂಗಳು ಮುಂಭಾಗದ ಒಂದು ಕಲ್ಲನ್ನೂ ಮುಟ್ಟಲು ಬಿಡಲಿಲ್ಲ, ಹೊಟ್ಟೆ ತುಂಬ್ಸು, ಅಷ್ಟೆ, ಗೋಡೆಯ ಬೆನ್ನಿಗೂ ಬೆಟ್ಟಕ್ಕೂ ನಡುವಿನ ಸಂದಿಗೆ ಮುಷ್ಟಿಯಷ್ಟು ಕಲ್ಲು, ಮಣ್ಣು ಬೀಳಬಾರದು, ಸುರಿಯಬಾರದು, ಒಂದೊಂದೇ ಕೈಯಲ್ಲಿ ಇಡಬೇಕು, ಸಿಕ್ಕಿಸಬೇಕು, ಸುರಿದ ದಿನ ಎಲ್ಲ ತೆಗೆಸಿ ಮತ್ತೆ ಇಡಿಸಿದರು. ಇದನ್ನ ಯಾರು ನೋಡ್ತಾರೆ ಮೇಸ್ತ್ರೀ? ನೀರು ನೋಡತ್ತೆ. ಮೊದಲು ಸಿಟ್ಟು ಬರುತ್ತಿತ್ತು, ಮೈಕು ಹಿಡಿದರೆ ಬಸ್ಸೇ ನಗುವ ಹಾಗೆ ಮಾತಾಡುತ್ತಿದ್ದವಳು ನಾನು, ಇಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತು ಜಲ್ಲಿ ಪೋಣಿಸುತ್ತಿದ್ದೇನೆ, ಆಮೇಲೆ ಯಾವಾಗಲೋ, ಎರಡನೆಯ ತಿಂಗಳ ಕೊನೆಗಿರಬೇಕು, ಕೈಗೆ ಬಂದ ಕಲ್ಲು ತಾನೇ ತಿರುಗಿ ತನ್ನ ಸಂದಿಗೆ ಕೂತುಕೊಂಡಿತು, ನಾನು ಯೋಚಿಸಿರಲಿಲ್ಲ, ಕೈ ಯೋಚಿಸಿತ್ತು, ಮೈಯೆಲ್ಲ ಝುಂ ಅಂತು, ನಲವತ್ತೇಳು ವರ್ಷ ನನ್ನ ಜೊತೆ ಇದ್ದ ಈ ಕೈ ಇಷ್ಟು ಬುದ್ಧಿವಂತ ಅಂತ ಯಾರೂ ಹೇಳಿರಲಿಲ್ಲ. ಮುಂಭಾಗದ ಕಲ್ಲು ಕೊಟ್ಟ ದಿನ ಮೇಸ್ತ್ರಿ ಕಲ್ಲನ್ನು ಮಗುಚಿ ತೋರಿಸಿದರು, ಇದು ಮುಖ, ಇದು ಬಾಲ, ಬಾಲ ಉದ್ದ, ಬಾಲ ಬೆಟ್ಟದೊಳಗೆ ಹೋಗ್ಬೇಕು, ಹೊರಗೆ ಕಾಣೋದು ಅಂಗೈಯಷ್ಟು ಮುಖ ಸಾಕು, ಉದ್ದವನ್ನ ಅಡ್ಡ ಮಲಗಿಸಿ ಹೊರಗೆ ತೋರ್ಸಕ್ಕೆ ಹೋದ್ರೆ ಗೋಡೆ ಬೇಗ ಮೇಲೇಳತ್ತೆ, ಚಂದ ಕಾಣತ್ತೆ, ಮೊದಲನೇ ದೊಡ್ಡ ಮಳೆಗೆ ಬೆಟ್ಟ ಅದನ್ನ ಉಗುಳತ್ತೆ.

ಗೊತ್ತಿತ್ತು. ಗೊತ್ತಿದ್ದೂ ಇಟ್ಟೆ. ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ. ಗೋಡೆ ಮುಗಿಯುವ ದಿನ, ನಲವತ್ತು ಜನ ಸ್ವಯಂಸೇವಕರು ಬಂದಿದ್ದರು, ಕ್ಯಾಮೆರಾ ಹಿಡಿದವನೊಬ್ಬ, ಹೊಳೆಯಲ್ಲಿ ಆ ಕಲ್ಲು ಸಿಕ್ಕಿತು, ಹಸಿರು ಕಪ್ಪು, ಮೇಲಿನಿಂದ ಕೆಳಕ್ಕೆ ಒಂದು ಬಿಳಿ ಗೆರೆ ಹರಿದಿದೆ, ಬೆಟ್ಟದಿಂದ ತೊರೆ ಇಳಿದ ಹಾಗೆಯೇ, ಮೂವರು ಸೇರಿ ಉರುಳಿಸಿ ತಂದೆವು, ಬಾಲ ಒಳಗೆ ಹಾಕಿದರೆ ಗೆರೆ ಮುಚ್ಚಿಹೋಗುತ್ತದೆ, ಅಡ್ಡ ಇಟ್ಟರೆ ಪೂರ್ತಿ ಕಾಣುತ್ತದೆ, ಹಿಂದಕ್ಕೆ ಇರುವುದು ಗೇಣು ದಪ್ಪ ಅಷ್ಟೆ. ಅಡ್ಡ ಇಟ್ಟೆ. ಗೋಡೆಯ ನಟ್ಟ ನಡುವೆ, ಸೊಂಟದ ಮಟ್ಟಕ್ಕೆ, ಎಲ್ಲರೂ ಅಬ್ಬಾ ಅಂದರು, ಲಿಯೆನ್ ಅಕ್ಕ ಅದರ ಮೇಲೆ ಕೈ ಇಡಿ, ಇಲ್ಲಿ ನೋಡಿ, ನಾನು ಬೆಟ್ಟಕ್ಕೆ ಬೆನ್ನು ತಿರುಗಿಸಿ ಕೈ ಇಟ್ಟೆ, ಎಂಟು ಹಲ್ಲು. ಸಂಜೆ ಮೇಸ್ತ್ರಿ ಕೆಳಗಿನ ಮೆಟ್ಟಿಲಿನ ಕೆಲಸ ಮುಗಿಸಿ ಬಂದರು, ಗೋಡೆಯ ಮುಂದೆ ನಿಂತರು, ಒಂದು ಅಡಿಕೆ ಜಗಿದು ಮುಗಿಯುವಷ್ಟು ಹೊತ್ತು ನಿಂತರು, ಪಕ್ಕಕ್ಕೆ ಉಗುಳಿ, ಚೆನ್ನಾಗಿ ಕಾಣತ್ತೆ ಅಂದರು. ಅಷ್ಟೆ. ನಾಲ್ಕು ವರ್ಷದಲ್ಲಿ ಯಾವ ಗೋಡೆಗೂ ಅವರು ಕಾಣತ್ತೆ ಅಂದವರಲ್ಲ, ಕೂತಿದೆ ಅನ್ನುತ್ತಾರೆ, ಇಲ್ಲ ಕೂತಿಲ್ಲ ಅನ್ನುತ್ತಾರೆ. ಆ ರಾತ್ರಿಯಿಂದ ಇವತ್ತಿನವರೆಗೆ ತೆಗೆದು ಸರಿ ಮಾಡುತ್ತೇನೆ ಎಂದು ಎಷ್ಟು ಸಲ ಹೊರಟೆ, ತೆಗೆದರೆ ಮೇಲಿನ ಸಾಲೆಲ್ಲ ಬಿಚ್ಚಬೇಕು, ಅಷ್ಟರಲ್ಲಿ ಆ ಕಲ್ಲಿನ ಫೋಟೋ ಊರ ಪಂಚಾಯಿತಿಯ ಕ್ಯಾಲೆಂಡರಿನಲ್ಲಿ ಬಂತು, ಅಮ್ಮ ಮೊದಲ ಸಲ ಗೋಡೆಯ ಬಗ್ಗೆ ಕೇಳಿದಳು, ಇದು ನೀನು ಮಾಡಿದ್ದಾ, ಗೆರೆ ಚೆನ್ನಾಗಿದೆ. ಹೇಗೆ ತೆಗೆಯಲಿ. ಹಾಗೆ ತಿಂಗಳುಗಳು ಹೋದವು, ಆಮೇಲೆ ಗಾಳಿ ಬಂತು.

ಮೂರು. ಇಲ್ಲಿಂದ ಬಿದಿರು ಮೆಳೆ, ಬಿದಿರೆಲ್ಲ ದಾರಿಗೆ ಬಾಗಿ ನಮಸ್ಕಾರ ಹಾಕಿವೆ, ನುಸುಳಬೇಕು, ಕತ್ತಿನೊಳಗೆ ತಣ್ಣನೆ ನೀರು, ನುಸುಳಿ ತಲೆ ಎತ್ತಿದರೆ ನಾಲ್ಕನೆಯ ತಿರುವು, ಕಣ್ಣು ತೆರೆ, ನಿನ್ನ ಕಣ್ಣು ಮುಚ್ಚಿದೆ, ತೆರೆ — ಇದೆ. ಇದೆ ಇದೆ ಇದೆ. ಆರು ಹೆಜ್ಜೆ, ಈ ತುದಿಯಿಂದ ಆ ತುದಿಗೆ, ತಲೆಯ ಸಾಲು ನೂಲು ಹಿಡಿದ ಹಾಗೆ, ಕಲ್ಲಿನ ಸಂದು ಸಂದಿನಿಂದಲೂ ನೀರು ಇಳಿಯುತ್ತಿದೆ, ತಿಳಿ ನೀರು, ಎರಡು ದಿನ ಇಡೀ ಬೆಟ್ಟ ಕುಡಿದದ್ದನ್ನು ಗೋಡೆ ಸೋಸಿ ಸೋಸಿ ಹೊರಗೆ ಬಿಡುತ್ತಿದೆ, ಬೆಳಕು ಬಿದ್ದು ಗೋಡೆಗೆ ಗೋಡೆಯೇ ಉಸಿರಾಡುತ್ತಿದೆ, ಮತ್ತೆ ಅದರ ನಟ್ಟ ನಡುವೆ, ಸೊಂಟದ ಮಟ್ಟಕ್ಕೆ, ಒಂದು ಕಪ್ಪು ಬಾಯಿ. ಕಲ್ಲು ಕೆಳಗಿದೆ. ದಾರಿಯ ಮೇಲೆ ಅಂಗಾತ, ಬಿಳಿ ಗೆರೆ ಆಕಾಶಕ್ಕೆ, ಒಂದು ಚೂರೂ ಮುಕ್ಕಾಗಿಲ್ಲ, ಬೆಟ್ಟ ಅದನ್ನು ಉಗುಳಿದೆ, ಅದೊಂದನ್ನೇ. ಅದರ ಮೇಲಿನ ಕಲ್ಲುಗಳು ಇಳಿದಿಲ್ಲ. ಯಾಕೆ ಇಳಿದಿಲ್ಲ? ನಗು ಬರುತ್ತಿದೆಯೋ ಅಳುವೋ ಗೊತ್ತಾಗುತ್ತಿಲ್ಲ, ಬಿದ್ದಿದ್ದರೆ ಹೋಗುತ್ತೇನೆ ಅಂದಿದ್ದೆ, ಬಿದ್ದಿಲ್ಲ, ಬಿದ್ದೂ ಇದೆ, ಇದಕ್ಕೆ ಏನನ್ನಬೇಕು. ಮೇಸ್ತ್ರಿ ಬಿದಿರಿನಡಿ ನುಸುಳಿ ಬಂದು, ಮಂಡಿ ಹಿಡಿದುಕೊಂಡು, ಹಾಂ, ಹೋಯ್ತಾ ಕ್ಯಾಲೆಂಡರ್ ಕಲ್ಲು, ಅನ್ನುತ್ತಾರೆ. ನಿಮಗೆ ಅವತ್ತೇ ಗೊತ್ತಿತ್ತು ಮೇಸ್ತ್ರೀ. ಗೊತ್ತಿತ್ತು. ಮತ್ತೆ ಯಾಕೆ ಹೇಳ್ಲಿಲ್ಲ, ಯಾರ ತಲೆ ಮೇಲಾದ್ರೂ ಬಿದ್ದಿದ್ರೆ? ಮಳೆ ಇಲ್ದೆ ಬೀಳಲ್ಲ, ಮಳೆ ಬಂದ್ರೆ ಈ ದಾರೀನ ಮುಚ್ತಾರೆ, ನಾನೇ ಹಗ್ಗ ಕಟ್ಟಿ ಬಂದಿದ್ದೆ ನೋಡ್ಲಿಲ್ವಾ ಕೆಳಗೆ, ಹೇಳಿದ್ರೆ ನೀನು ನನ್ನ ಮಾತಿಗೆ ತೆಗೀತಿದ್ದೆ, ಬೆಟ್ಟದ ಮಾತಿಗೆ ಅಲ್ಲ. ಆಮೇಲೆ ಗೋಡೆಯ ಹತ್ತಿರ ಹೋಗಿ, ಕಪ್ಪು ಬಾಯಿಯ ಎಡಕ್ಕೂ ಬಲಕ್ಕೂ ಮೇಲಕ್ಕೂ ಅಂಗೈಯಲ್ಲಿ ತಟ್ಟಿ, ಕಿವಿ ಕೊಟ್ಟು, ಮತ್ತೆ ತಟ್ಟಿ, ನನ್ನ ಕಡೆ ತಿರುಗದೆಯೇ ಹೇಳುತ್ತಾರೆ, ಕೂತಿದೆ.

ಕೂತಿದೆ. ನಾಲ್ಕು ವರ್ಷದ ಮೇಲೆ ಆ ಮಾತು ನನ್ನ ಗೋಡೆಗೆ. ಏನ್ ನೋಡ್ತಾ ನಿಂತಿದೀಯ, ಕೈ ಹಾಕಿ ಒಳಗಿನ ಕೆಸರು ತೆಗಿ, ಉದ್ದ ಬಾಲದ್ದು ಒಂದು ಹುಡುಕ್ತೀನಿ ನಾನು, ಎಂದು ಅವರು ಹೊಳೆಯ ಕಡೆಗೆ ಇಳಿದರು. ಬಾಯಿಯ ಮುಂದೆ ಮಂಡಿಯೂರಿ ಕೈ ಹಾಕುತ್ತೇನೆ, ಮೊಣಕೈಯವರೆಗೆ, ತೋಳಿನವರೆಗೆ, ಕೆನ್ನೆ ಕಲ್ಲಿಗೆ ಒತ್ತಿದೆ, ತಣ್ಣಗಿದೆ, ಕತ್ತಲು ಕೈಗೆ ಗೊತ್ತಾಗುತ್ತದೆ, ಕಣ್ಣಿಗಲ್ಲ, ಬೆರಳು ಎಡಕ್ಕೆ ಹೊರಳಿದರೆ ಒಂದು ಬಾಲ, ಇದು ನಾನು ಎರಡನೆಯ ವಾರ ಇಟ್ಟದ್ದು, ಹೊರಗಿನಿಂದ ಮೂಗಿನಷ್ಟೇ ಕಾಣುತ್ತದೆ, ಒಳಗೆ ಎಷ್ಟು ದೂರ ಹೋಗಿದೆ, ಬೆರಳಿಗೆ ತುದಿ ಸಿಗುತ್ತಿಲ್ಲ, ಬಲಕ್ಕೆ ಇನ್ನೊಂದು, ಮೇಲೆ ಎರಡು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ, ಮೇಲಿನ ಭಾರವನ್ನೆಲ್ಲ ಆ ಕಡೆ ಈ ಕಡೆ ಹಂಚಿ, ಆಚೆಗೆ ನಾನು ಒಂದೊಂದೇ ಇಟ್ಟ ಮುಷ್ಟಿಗಲ್ಲು, ಒಂದೂ ಅಲ್ಲಾಡುವುದಿಲ್ಲ, ನೀರು ಅವುಗಳ ನಡುವೆ ದಾರಿ ಗೊತ್ತಿದ್ದವರ ಹಾಗೆ ಇಳಿಯುತ್ತಿದೆ. ನನ್ನ ಕೆಲಸವನ್ನು ನಾನು ಒಳಗಿನಿಂದ ಮುಟ್ಟಿದ್ದು ಇದೇ ಮೊದಲು, ಇಟ್ಟ ದಿನ ಇವು ಬಿಡಿ ಕಲ್ಲು, ಈಗ ಇವು ಬೆಟ್ಟ, ಯಾವಾಗ ಆಯಿತು, ನಾನು ಮಲಗಿದ್ದಾಗ, ಅಮ್ಮನ ಜೊತೆ ಜಗಳ ಆಡುತ್ತಿದ್ದಾಗ, ಆ ಅಡ್ಡ ಕಲ್ಲಿಗಾಗಿ ಹೆದರಿ ಒದ್ದಾಡುತ್ತಿದ್ದಾಗ, ಇವು ಇಲ್ಲಿ ಕತ್ತಲಲ್ಲಿ ಸುಮ್ಮನೆ ಒಂದಕ್ಕೊಂದು ಒತ್ತಿಕೊಂಡು, ಬಿಗಿಯುತ್ತ, ನನ್ನನ್ನು ಕೇಳದೆ. ಇಷ್ಟು ದೂರ ನಾನು ಯಾವ ದೇಶದೊಳಕ್ಕೂ ಹೋಗಿರಲಿಲ್ಲ. ತೊಡೆಯ ಹತ್ತಿರ ಫೋನು ಅದುರುತ್ತಿದೆ. ಎಡಗೈಯಲ್ಲಿ ತೆಗೆದೆ, ಬಲಗೈ ಒಳಗೇ ಇದೆ. ಲಿಯೆನ್ ಅಕ್ಕ, ಹನ್ನೊಂದೂ ಮುಕ್ಕಾಲು, ನಾನೇ ಮಾಡ್ಬಿಟ್ಟೆ, ಏನ್ ತೀರ್ಮಾನ? ಬರಲ್ಲಮ್ಮ. ಇನ್ನೊಂದ್ಸಲ ಯೋಚ್ನೆ ಮಾಡಿ ಅಕ್ಕ, ಆಮೇಲೆ ಈ ಬಾಗಿಲು ತೆಗ್ಯಲ್ಲ. ಗೊತ್ತು, ಯೋಚ್ನೆ ಮಾಡೇ ಹೇಳ್ತಿದೀನಿ, ಬಾವುಟ ಬೇರೆಯವರಿಗೆ ಕೊಡು. ನೀವೆಲ್ಲಿದೀರಾ, ಏನೋ ನೀರಿನ ಸದ್ದು? ಕೆಲಸದಲ್ಲಿದೀನಿ ಎಂದೆ. ನನ್ನ ದನಿ ಗೋಡೆಯೊಳಗೆ ಹೋಗಿ ಬೇರೆ ಯಾರದೋ ಆಗಿ ಬಂತು, ದಪ್ಪಗೆ, ಹೆದರಿಕೆ ಇಲ್ಲದೆ. ಅಮ್ಮನಿಗೆ ಏನು ಹೇಳುವುದು, ಬಿದ್ದಿದ್ದರೆ ಅಂದಿದ್ದೆಯಲ್ಲ ಅನ್ನುತ್ತಾಳೆ, ಬಿತ್ತಮ್ಮ, ಬಿದ್ದದ್ದು ಒಂದು, ಉಳಿದದ್ದನ್ನು ನೀನೇ ಬಂದು ಮುಟ್ಟಿ ನೋಡು ಅನ್ನುತ್ತೇನೆ, ಬೈಯುತ್ತಾಳೆ, ಬೈಯಲಿ, ಹೆಗಲ ಗಂಟಿಗೆ ಎಣ್ಣೆ ಹಚ್ಚುತ್ತ ಹೇಳುತ್ತೇನೆ.

ಕೆಸರು ತೆಗಿ. ಬೆರಳು ಕೆಳಕ್ಕೆ ಇಳಿಯಿತು, ಖಾಲಿಯಾದ ಜಾಗದ ತಳಕ್ಕೆ, ಮೆತ್ತಗಿನ ಮಣ್ಣು, ಕೊಳೆತ ಎಲೆ, ಆಮೇಲೆ ಮಣ್ಣೂ ಅಲ್ಲದ ಎಲೆಯೂ ಅಲ್ಲದ ಒಂದು, ನುಣುಪು, ಗಟ್ಟಿ, ಅಲ್ಲಾಡಿತು. ಕೈ ಹಿಂದಕ್ಕೆ ಎಳೆದೆ, ಕಿರುಚಿದೆನೋ ಏನೋ, ಏನಾಯ್ತು ಗೈಡಮ್ಮಾ, ಹಾವಾ? ಮೇಸ್ತ್ರಿ ಕೆಳಗಿನಿಂದ ಕೂಗುತ್ತಿದ್ದಾರೆ. ಕಪ್ಪು ಬಾಯಿಯ ಅಂಚಿಗೆ ಅದು ತಾನೇ ಬಂತು. ಏಡಿ. ಇಟ್ಟಿಗೆಯ ಬಣ್ಣ, ನನ್ನ ಹೆಬ್ಬೆರಳಿನಷ್ಟು ಅಗಲ, ಇಕ್ಕಳದಂಥ ಒಂದು ಕೊಂಡಿ ಮೇಲೆತ್ತಿದೆ ನನ್ನ ಮುಖಕ್ಕೆ, ಇಷ್ಟು ದೊಡ್ಡ ನನಗೆ, ಬಾ ನೋಡೋಣ ಅನ್ನುವ ಹಾಗೆ, ಹೊಟ್ಟೆಯ ಮುಚ್ಚಳ ತುಸು ತೆರೆದು ಉಬ್ಬಿದೆ, ಅದರೊಳಗೆ ಏನೋ ಮಿಸುಕಾಡುತ್ತಿದೆ, ಬಗ್ಗಿದೆ, ಇನ್ನೂ ಬಗ್ಗಿದೆ, ಮರಿಗಳು, ಮೆಂತ್ಯದ ಕಾಳಿನಷ್ಟು, ಒಂದರ ಮೇಲೊಂದು ಒತ್ತಿಕೊಂಡು, ಬೆಳಕು ಹಾಯುವಂಥ ಮೈ, ಒಂದೊಂದಕ್ಕೂ ಎಂಟೆಂಟು ಕಾಲು, ಎರಡೆರಡು ಕೊಂಡಿ, ಕಣ್ಣು, ಕಣ್ಣೂ ಇದೆ, ಪೂರ್ತಿ ಏಡಿಗಳು. ಎರಡು ದಿನ ಬೆಟ್ಟವೇ ಕರಗಿ ಹರಿದಾಗ ಇದು ಇಲ್ಲಿತ್ತು, ಈ ಗೋಡೆಯೊಳಗೆ, ಇವನ್ನೆಲ್ಲ ಹೊಟ್ಟೆಗೆ ಅವಚಿಕೊಂಡು. ಮೇಸ್ತ್ರಿ ಹತ್ತಿ ಬಂದು ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟರು, ಮಂಡಿ ಊರಿದರು, ಶ್, ಸುಮ್ನಿರು, ಅದಕ್ಕೆ ಪುರುಸೊತ್ತು ಕೊಡು. ಒಂದು ಮರಿ ಮುಚ್ಚಳದ ಅಂಚಿಗೆ ಬಂತು, ಜಾರಿತು, ಕಲ್ಲಿನ ಮೇಲೆ ನಿಂತಿತು, ನಿಂತದ್ದು ನಾನಿಟ್ಟ ಬಾಲದ ಮೇಲೆ, ಅದರ ಪಕ್ಕಕ್ಕೆ ಒಂದು ಹನಿ ನೀರು ಬಿತ್ತು, ಅದಕ್ಕಿಂತ ದೊಡ್ಡ ಹನಿ, ಅಲ್ಲಾಡಲಿಲ್ಲ, ತಾಯಿಯ ಹಾಗೆಯೇ, ಕಣ್ಣಿಗೆ ಕಾಣುವುದೋ ಇಲ್ಲವೋ ಅನ್ನುವಷ್ಟು ಸಣ್ಣ ಕೊಂಡಿಯನ್ನು ಮೇಲೆತ್ತಿತು — ನನ್ನ ಕಡೆಗೆ — ಮೇಲೆತ್ತಿದ ಕೊಂಡಿ — ಮೆಂತ್ಯದ ಕಾಳಿನಷ್ಟು ಮೈ, ಅದರ ತುದಿಯಲ್ಲಿ — ಮೇಲೆತ್ತಿ, ಹಾಗೇ — ನೋಡುತ್ತಿದ್ದೇನೆ, ಈ ಸಲ ನಾನೇ.